ಹುಡುಗನನ್ನು ಕಾಟಿಯಾಗಿಸಿದ ಮೂರು ಮಳೆಗಾಲ

ನಾನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಸಣ್ಣ ವಿಡಿಯೊ ಗೇಮಿನಲ್ಲಿ ಅಡಿಕೆ ತೋಟದ ಮನೆಯ ಹುಡುಗನೊಬ್ಬ ಕಾಟಿಯಾಗುತ್ತಾನೆ. ಕಾಡುಕೋಣವನ್ನು ಹೊಸನಗರದ ಸುತ್ತಮುತ್ತ ನಾವು ಕಾಟಿಯೆಂದೇ ಕರೆಯುತ್ತೇವೆ. ಆಟದ ಉಳಿದ ಭಾಗಗಳೆಲ್ಲ ವರ್ಷದೊಳಗೆ ಹದಕ್ಕೆ ಬಂದವು. ಈ ಒಂದು ರೂಪಾಂತರ ಮಾತ್ರ ಮೂರು ಮಳೆಗಾಲವನ್ನು ನುಂಗಿತು.

ರೂಪಾಂತರದ ಹುಚ್ಚು ನನಗೆ ಹತ್ತಿದ್ದು ಜಪಾನಿನ ನಿಂಟೆಂಡೊ ಕಂಪನಿಯ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಸರಣಿಯಿಂದ. 1986ರಲ್ಲಿ ಆರಂಭವಾದ ಆ ಸರಣಿಯ ನಾಯಕ ಲಿಂಕ್ ಹಲವು ಆಟಗಳಲ್ಲಿ ತನ್ನ ಮನುಷ್ಯರೂಪವನ್ನು ಕಳೆದುಕೊಳ್ಳುತ್ತಾನೆ. 1991ರ ‘ಎ ಲಿಂಕ್ ಟು ದಿ ಪಾಸ್ಟ್’ನಲ್ಲಿ ಮೂನ್ ಪರ್ಲ್ ಎಂಬ ಮಣಿಯಿಲ್ಲದೆ ಕತ್ತಲ ಲೋಕಕ್ಕೆ ಹೋದರೆ ಅವನು ಗುಲಾಬಿ ಬಣ್ಣದ ಮೊಲವಾಗಿಬಿಡುತ್ತಾನೆ, ಕತ್ತಿ ಬೀಸಲಾರ, ಅತ್ತಿತ್ತ ಓಡಬಲ್ಲ ಅಷ್ಟೆ. 2000ದಲ್ಲಿ ಬಂದ ‘ಮಜೋರಾಸ್ ಮಾಸ್ಕ್’ನಲ್ಲಿ ಮುಖವಾಡ ಧರಿಸಿದೊಡನೆ ಅವನು ಚೀರುತ್ತ ಬೇರೆ ಜೀವಿಯಾಗುತ್ತಾನೆ. ಮರದ ಮೈಯ ಡೆಕು ಆದಾಗ ನೀರಿನ ಮೇಲೆ ಐದು ಬಾರಿ ಕುಪ್ಪಳಿಸಬಲ್ಲ, ಆರನೆಯದಕ್ಕೆ ಮುಳುಗುತ್ತಾನೆ. ಬಂಡೆಯಂಥ ಗೊರಾನ್ ಆದಾಗ ಚಕ್ರದಂತೆ ಉರುಳಿ ಸಾಗುತ್ತಾನೆ, ಆದರೆ ಆಳದ ನೀರಿಗೆ ಇಳಿಯಲಾರ. ಮೀನಿನ ಮೈಯ ಜೋರಾ ಆದಾಗ ಕಡಲೇ ಅವನ ಅಂಗಳ. ಈ ಆಟಗಳನ್ನು ಚಿಕ್ಕಂದಿನಲ್ಲಿ ಆಡುವಾಗ ನನಗೆ ಕಂಡದ್ದು ಹೊಸ ಶಕ್ತಿಗಳು ಮಾತ್ರ. ಪ್ರತಿ ರೂಪವೂ ಮೊದಲು ಏನನ್ನೋ ಕಿತ್ತುಕೊಂಡು ಆಮೇಲೆ ಇನ್ನೇನನ್ನೋ ಕೊಡುತ್ತದೆ ಎಂಬುದು ಕಂಡದ್ದು ನಾನೇ ಒಂದನ್ನು ಮಾಡಲು ಕುಳಿತ ಮೇಲೆ.

ಮೊದಲ ಮಳೆಗಾಲವಿಡೀ ಹೋದದ್ದು ಹುಡುಗನ ಮೈಯನ್ನು ಕಣ್ಣೆದುರೇ ಕರಗಿಸಿ ಕಾಟಿಯ ಮೈಯಾಗಿಸುವ ಪ್ರಯತ್ನದಲ್ಲಿ. ಮೂರು ಆಯಾಮದ ಆಕೃತಿಗಳನ್ನು ಮಾಡುವ ಬ್ಲೆಂಡರ್ ತಂತ್ರಾಂಶದಲ್ಲಿ ಶೇಪ್ ಕೀ ಎಂಬ ಸೌಲಭ್ಯವಿದೆ. ಒಂದೇ ಆಕೃತಿಯ ಬಿಂದುಗಳನ್ನು ಒಂದು ನೆಲೆಯಿಂದ ಇನ್ನೊಂದು ನೆಲೆಗೆ ನಿಧಾನವಾಗಿ ಸರಿಸಬಹುದು. ಆದರೆ ಎರಡೂ ಆಕೃತಿಗಳಲ್ಲಿ ಬಿಂದುಗಳು ಅಷ್ಟೇ ಇರಬೇಕು, ಅದೇ ಕ್ರಮದಲ್ಲಿರಬೇಕು. ಆದ್ದರಿಂದ ಹುಡುಗನ ಮೆಶ್ ಅನ್ನೇ, ಅಂದರೆ ಆ ಬಿಂದುಗಳ ಬಲೆಯನ್ನೇ, ಎಳೆದೆಳೆದು ಕಾಟಿ ಮಾಡಿದೆ. ಕಿವಿ ಕೊಂಬಾಯಿತು, ಬೆರಳುಗಳು ಕೂಡಿ ಗೊರಸಾದವು, ಆದರೆ ನಡುವಿನ ಎರಡು ಸೆಕೆಂಡು ನೋಡಲಾಗದಂತಿತ್ತು. ಹಿಂಗಾಲುಗಳಂತೂ ಮುರಿದ ಕಾಲುಗಳಂತೆ ಕಾಣುತ್ತಿದ್ದವು.

ಕಾರಣ ತಿಳಿದದ್ದು ಕೊಟ್ಟಿಗೆಯಲ್ಲಿ. ನಮ್ಮ ಮನೆಯ ಮಲೆನಾಡು ಗಿಡ್ಡ ಹಸುವಿನ ಪಕ್ಕ ಕುಳಿತು ಅದರ ಹಿಂಗಾಲನ್ನು ಕೈಯಲ್ಲಿ ತಡವಿ ನೋಡಿದಾಗ, ಹಿಂದಕ್ಕೆ ಬಾಗಿದ ಮೊಣಕಾಲು ಎಂದು ನಾನು ತಿಳಿದಿದ್ದ ಗಂಟು ಅದರ ಹಿಮ್ಮಡಿಯೆಂಬುದು ಗೊತ್ತಾಯಿತು. ನಿಜವಾದ ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ, ಮುಂದಕ್ಕೇ ಬಾಗುತ್ತದೆ. ಅಂದರೆ ಹಸುವೂ ಕಾಟಿಯೂ ಜೀವಮಾನವಿಡೀ ಬೆರಳ ತುದಿಯ ಮೇಲೆ ನಿಂತಿರುತ್ತವೆ. ಭುಜದ್ದು ಇನ್ನೊಂದು ಕಥೆ: ಮನುಷ್ಯನಿಗಿರುವ ಕೊರಳೆಲುಬು ದನಗಳಿಗಿಲ್ಲ, ಮುಂಗಾಲುಗಳು ಬರಿಯ ಸ್ನಾಯುಗಳ ಬಲದಿಂದ ಎದೆಗೂಡಿಗೆ ಅಂಟಿಕೊಂಡಿರುತ್ತವೆ, ನಡೆಯುವಾಗ ಭುಜದ ಮೂಳೆ ಪಕ್ಕೆಯ ಮೇಲೆ ಜಾರುತ್ತದೆ. ಇದನ್ನು ಅರಿತ ಮೇಲೆ ಎಳೆದು ಮಾಡಿದ ಮೆಶ್ ಅನ್ನು ಕೈಬಿಟ್ಟು, ಕಾಟಿಗೆ ಪ್ರತ್ಯೇಕ ಅಸ್ಥಿಪಂಜರವನ್ನು ಮೊದಲಿನಿಂದ ಕಟ್ಟಿದೆ. ಬೆನ್ನುಮೂಳೆಯ ಮುಳ್ಳುಗಳು ಉದ್ದವಾಗಿ ಬೆಳೆದು ಅದರ ಭುಜದ ಹಿಂದೆ ಏಳುವ ದಿಣ್ಣೆಯನ್ನೂ, ಮೊಣಕಾಲ ಕೆಳಗಿನ ಬಿಳಿ ಬಣ್ಣವನ್ನೂ ಬಹಳ ಪ್ರೀತಿಯಿಂದ ಮಾಡಿದ್ದೇನೆ.

ಎರಡು ಬೇರೆ ಮೈಗಳಾದ ಮೇಲೆ ಒಂದನ್ನು ತೆಗೆದು ಇನ್ನೊಂದನ್ನು ಇಡುವ ಕ್ಷಣವನ್ನು ಮರೆಮಾಡಬೇಕಿತ್ತು. ಹೊಗೆ, ಮಿಂಚು ಎಲ್ಲವನ್ನೂ ಮಾಡಿ ನೋಡಿ ಅಳಿಸಿದೆ. ಉತ್ತರ ಸಿಕ್ಕಿದ್ದು ಗದ್ದೆಯ ಬಯಲಾಟದಲ್ಲಿ. ಯಕ್ಷಗಾನದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ರಾಕ್ಷಸ ವೇಷ ಬಂದು ನಿಲ್ಲುತ್ತದೆ. ಮೊದಲು ಕಾಣುವುದು ಕಿರೀಟದ ತುದಿ, ಆಮೇಲೆ ತೆರೆಯನ್ನು ಹಿಡಿದ ಬೆರಳುಗಳು, ಬಹಳ ಹೊತ್ತಿನ ಮೇಲೆ ಮುಖ. ಪೂರ್ತಿ ವೇಷ ಕಾಣುವ ಮೊದಲೇ ನೋಡುವವರ ಮನಸ್ಸಿನಲ್ಲಿ ರಾಕ್ಷಸ ಹುಟ್ಟಿರುತ್ತಾನೆ. ನನ್ನ ಆಟದಲ್ಲಿ ಆ ತೆರೆ ಆಗುಂಬೆಯ ಕಡೆಯ ಮಳೆಗಾಲದಲ್ಲಿ ಕಾಣುವಂಥ ದಟ್ಟ ಮಂಜು. ಹುಡುಗ ಮಂಜಿನೊಳಗೆ ನಡೆಯುತ್ತಾನೆ, ಹೆಜ್ಜೆಯ ಸದ್ದು ಎರಡರಿಂದ ನಾಲ್ಕಾಗುತ್ತದೆ, ಉಸಿರು ದಪ್ಪವಾಗುತ್ತದೆ, ಕೊನೆಗೆ ಮಂಜಿನ ಮೇಲೆ ಕೊಂಬಿನ ತುದಿಗಳು ಮೂಡುತ್ತವೆ. ಮೊದಲ ಬಾರಿ ಇದು ಒಂಬತ್ತು ಸೆಕೆಂಡು ನಡೆಯುತ್ತದೆ; ಮುಂದಿನ ಬಾರಿಗಳಲ್ಲಿ ಆಡುವವರು ಬಟನ್ ಒತ್ತಿ ದಾಟಿಹೋಗಬಹುದು. ‘ಮಜೋರಾಸ್ ಮಾಸ್ಕ್’ ಕೂಡ ತನ್ನ ಚೀರಾಟದ ದೃಶ್ಯವನ್ನು ದಾಟಲು ಬಿಡುತ್ತದೆ, ಅದು ಆಡುವವರ ಮೇಲಿನ ಕರುಣೆಯೆಂದೇ ನನ್ನ ಎಣಿಕೆ.

ನಡಿಗೆಗೆ ಹಸುವನ್ನು ಪಕ್ಕದಿಂದ ಚಿತ್ರೀಕರಿಸಿದೆ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಇದು ಅದರ ಕ್ರಮ. ಅದೇ ವೇಗವನ್ನು ಕಾಟಿಗೆ ಕೊಟ್ಟಾಗ ಅದು ಆಟಿಕೆಯಂತೆ ಕಂಡಿತು. ಮೈ ದೊಡ್ಡದಾದಷ್ಟೂ ಹೆಜ್ಜೆ ನಿಧಾನವಾಗಬೇಕು. ಟನ್ ತೂಗಬಲ್ಲ ಪ್ರಾಣಿಗೆ ಗಿಡ್ಡ ತಳಿಯ ಹಸುವಿನ ಚುರುಕು ಸಲ್ಲದು. ವೇಗವನ್ನು ಇಳಿಸಿದೊಡನೆ ಮೈಗೆ ಭಾರ ಬಂತು.

ಇಷ್ಟಾದರೂ ಏನೋ ಕೊರತೆಯಿತ್ತು. ಅದು ಕಾಟಿಯ ಚರ್ಮ ಹೊದ್ದ ಹುಡುಗನಾಗಿತ್ತೇ ಹೊರತು ಕಾಟಿಯಾಗಿರಲಿಲ್ಲ. ಆಗ ಕಿತ್ತುಕೊಳ್ಳುವ ಕೆಲಸಕ್ಕೆ ತೊಡಗಿದೆ. ಮನೆಯ ದಣಪೆಗೆ (ಗೇಟಿಗೆ) ಬದಲಾಗಿ ತೋಟದ ದಾರಿಯಲ್ಲಿ ಉಣುಗೋಲು, ಅಂದರೆ ಕಂಬಗಳ ತೂತಿಗೆ ಬಿದಿರ ಗಳುಗಳನ್ನು ಅಡ್ಡ ತೂರಿಸಿದ ತಡೆ, ಇಟ್ಟಿದ್ದೇನೆ. ಹುಡುಗನಾದರೆ ಗಳುಗಳನ್ನು ಒಂದೊಂದಾಗಿ ಸರಿಸಿ ದಾಟಿ ಮತ್ತೆ ಹಾಕುತ್ತಾನೆ, ಕಾಟಿಗೆ ಮುರಿಯುವುದಲ್ಲದೆ ಬೇರೆ ದಾರಿಯಿಲ್ಲ. ಹಳ್ಳದ ಮೇಲಿನ ಅಡಿಕೆ ಮರದ ಸಂಕ ಹುಡುಗನನ್ನು ಹೊರುತ್ತದೆ, ಕಾಟಿಯನ್ನು ಹೊರುವುದಿಲ್ಲ, ಆದರೆ ಕಾಟಿ ಹಳ್ಳದ ಸೆಳವಿನಲ್ಲೇ ನಿಂತು ದಾಟಬಲ್ಲದು. ದನಗಳ ಕಣ್ಣು ಕೆಂಪು ಹಸಿರುಗಳನ್ನು ನಮ್ಮಂತೆ ಬೇರ್ಪಡಿಸಲಾರದು. ಆದ್ದರಿಂದ ಕಾಟಿಯಾದಾಗ ಪರದೆಯ ಮೇಲೆ ಹಣ್ಣಡಿಕೆಯ ಗೊನೆಗೂ ಹಸಿ ಅಡಿಕೆಯ ಗೊನೆಗೂ ವ್ಯತ್ಯಾಸ ಉಳಿಯುವುದಿಲ್ಲ. ಬದಲಿಗೆ ನೋಟ ಎರಡು ಬದಿಗೂ ಬಹಳ ಹಿಂದಿನವರೆಗೆ ಹರಡುತ್ತದೆ, ಗಾಳಿಯ ವಾಸನೆ ಕಾಣುತ್ತದೆ. ವಾಸನೆಯನ್ನು ಕಣ್ಣಿಗೆ ತೋರಿಸುವ ಉಪಾಯವನ್ನು ನಾನು 2006ರ ‘ಟ್ವೈಲೈಟ್ ಪ್ರಿನ್ಸೆಸ್’ನಿಂದ ಕಲಿತೆ, ಅಲ್ಲಿ ತೋಳವಾದ ಲಿಂಕ್‌ಗೆ ವಾಸನೆಯು ಬಣ್ಣದ ಮಂಜಿನ ಎಳೆಯಾಗಿ ಕಾಣುತ್ತದೆ.

ಅದೇ ಆಟದ ಇನ್ನೊಂದು ಸಂಗತಿಯೇ ನನ್ನ ಕೆಲಸವನ್ನು ದಡ ಮುಟ್ಟಿಸಿದ್ದು. ತೋಳವಾದ ಲಿಂಕ್ ತನ್ನ ಸ್ವಂತ ಊರಾದ ಓರ್ಡನ್‌ಗೆ ಮರಳಿದಾಗ ಅವನನ್ನು ಬಲ್ಲ ಜನರೇ ಹೆದರುತ್ತಾರೆ, ಒಬ್ಬನಂತೂ ಗಿಡುಗವನ್ನು ಕರೆದು ಅವನ ಮೇಲೆ ಬಿಡುತ್ತಾನೆ. ಅಳಿಲಿನಂಥ ಪ್ರಾಣಿಗಳು ಮಾತ್ರ ಅವನೊಡನೆ ಮಾತಾಡುತ್ತವೆ. ‘ಮಜೋರಾಸ್ ಮಾಸ್ಕ್’ನಲ್ಲಿ ಇದರ ಇನ್ನೊಂದು ಮುಖವಿದೆ. ಗೊರಾನ್ ಮುಖವಾಡ ಸತ್ತ ವೀರ ಡಾರ್ಮಾನಿಯದು. ಅದನ್ನು ಧರಿಸಿ ಹೋದ ಲಿಂಕ್‌ನನ್ನು ಅಲ್ಲಿಯವರು ಡಾರ್ಮಾನಿಯೇ ಮರಳಿ ಬಂದನೆಂದು ನಂಬಿ ಸಂತೋಷಪಡುತ್ತಾರೆ. ಆ ಸಂತೋಷವನ್ನು ನೋಡುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ರೂಪಾಂತರ ಮೈಯಲ್ಲಿ ಅರ್ಧ ಆಗುತ್ತದೆ, ಉಳಿದರ್ಧ ಎದುರಿನವರ ಕಣ್ಣಿನಲ್ಲಿ ಆಗುತ್ತದೆ ಎಂಬುದನ್ನು ಹೀಗೆ ಕಂಡುಕೊಂಡು, ಕಾಟಿಯ ಮೈಯನ್ನು ಮುಟ್ಟದೆ ಮೂರನೆಯ ಮಳೆಗಾಲವಿಡೀ ಮನೆಯವರನ್ನು ತಿದ್ದಿದೆ. ಹುಡುಗ ಬಂದರೆ ಬಾಲ ಆಡಿಸುವ ನಾಯಿ ಕಾಟಿ ಬಂದರೆ ಅಂಗಳದ ತುದಿಯಲ್ಲಿ ನಿಂತು ಬೊಗಳುತ್ತದೆ. ಅಬ್ಬಿಕೊಟ್ಟಿಗೆಯಲ್ಲಿ (ಹೊರಗಿನ ಬಚ್ಚಲಲ್ಲಿ) ಇದ್ದ ಅಮ್ಮ ಒಳಗೆ ಓಡಿ ಬಾಗಿಲು ಹಾಕುತ್ತಾಳೆ. ಅಪ್ಪ ತಗಡಿನ ಡಬ್ಬ ಬಡಿಯುತ್ತಾನೆ. ಕೊಟ್ಟಿಗೆಯ ಹಸು ಮಾತ್ರ ತಲೆಯೆತ್ತಿ ನೋಡಿ ಮತ್ತೆ ಮೆಲುಕು ಹಾಕುತ್ತದೆ.

ರಜೆಗೆ ಬಂದಿದ್ದ ಅಣ್ಣನ ಮಗಳಿಗೆ ಏನೂ ಹೇಳದೆ ಆಡಲು ಕೊಟ್ಟೆ. ಕಾಟಿಯಾಗಿ ಅಂಗಳಕ್ಕೆ ಬಂದವಳು ಕೈ ತಡೆದು ಕೇಳಿದಳು:

“ಅತ್ತೆ, ಇದು ನಮ್ಮದೇ ನಾಯಿ ಅಲ್ವಾ? ನನ್ನನ್ನ್ಯಾಕೆ ಬೊಗಳ್ತಾ ಇದೆ?”

“ನೀನು ಯಾರು ಅಂತ ಅದಕ್ಕೆ ಗೊತ್ತಾಗ್ಲಿಲ್ಲ ಮಗಾ.”

“ಹಂಗಾದ್ರೆ ಅಮ್ಮನ ಹತ್ರ ಹೆಂಗೆ ಹೋಗೋದು?”

‘ನನ್ನನ್ನು’ ಎಂದಳು, ‘ಕಾಟಿಯನ್ನು’ ಎನ್ನಲಿಲ್ಲ. ಆ ಸಂಜೆ ನಾನು ಕಂಪ್ಯೂಟರ್ ಮುಚ್ಚಿಟ್ಟು ತೋಟಕ್ಕೆ ಹೋಗಿ ಬಹಳ ಹೊತ್ತು ಸುಮ್ಮನೆ ನಡೆದೆ.

ಈಗ ಮಾಡುತ್ತಿರುವುದು ಮರಳಿ ಮನುಷ್ಯನಾಗುವ ಭಾಗ. 2023ರ ‘ಟಿಯರ್ಸ್ ಆಫ್ ದಿ ಕಿಂಗ್ಡಮ್’ನಲ್ಲಿ ರಾಜಕುಮಾರಿ ಜೆಲ್ಡಾ ಒಂದು ಕಲ್ಲನ್ನು ನುಂಗಿ ಡ್ರ್ಯಾಗನ್ ಆಗುತ್ತಾಳೆ, ಹಾಗೆ ಆದವರು ತಮ್ಮತನವನ್ನೇ ಮರೆಯುತ್ತಾರೆಂದು ಮೊದಲೇ ಎಚ್ಚರಿಸಲಾಗಿರುತ್ತದೆ. ನನ್ನ ಹುಡುಗನಿಗೆ ನಾನು ಮರೆವನ್ನು ಕೊಟ್ಟಿಲ್ಲ. ಅವನು ಕಾಟಿಯಾಗಿದ್ದಾಗ ಮುರಿದದ್ದು ಮುರಿದೇ ಇರುತ್ತದೆ. ಮಂಜಿನಿಂದ ಎರಡು ಕಾಲಿನಲ್ಲಿ ಹೊರಬಂದವನ ಎದುರು ತಾನೇ ಮುರಿದ ಉಣುಗೋಲಿನ ಗಳುಗಳು ಬಿದ್ದಿರುತ್ತವೆ. ಹೊಸ ಬಿದಿರು ಕಡಿದು ತಂದು, ಕಂಬದ ತೂತುಗಳಿಗೆ ಒಂದೊಂದಾಗಿ ತೂರಿಸಿದ ಮೇಲೆಯೇ ಅವನು ಮನೆಯ ಕಡೆ ಹೆಜ್ಜೆ ಹಾಕಬಹುದು.