ನರಸಿಂಹನ ಮುಖಕ್ಕೆ ಎರಡು ಜೊತೆ ಕಣ್ಣು

ಮುಖವಾಡ ಮಾಡಿಸಲು ಬರುವವರು ಬಣ್ಣ, ಕೋರೆಹಲ್ಲು, ಕೇಸರದ ಮಾತಿನಿಂದಲೇ ಶುರು ಮಾಡುತ್ತಾರೆ. ನಾನು ಕೇಳುವುದು ಮೂರೇ: ಯಾರು ಕಟ್ಟಿಕೊಳ್ಳುತ್ತಾರೆ, ಎಷ್ಟು ಹೊತ್ತು, ಆಟ ಮುಗಿದ ಮೇಲೆ ಅದು ಎಲ್ಲಿರುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಐದು ನಿಮಿಷ ಬಂದು ಹೋಗುವ ನರಸಿಂಹನಿಗೂ ಜಾತ್ರೆಯ ನಾಟಕದಲ್ಲಿ ಬೆಳಗಿನ ಜಾವ ಕಂಬ ಒಡೆದು ಬರುವ ನರಸಿಂಹನಿಗೂ ಅಚ್ಚಿನ ಕ್ರಮ ಒಂದೇ ಇರಬಹುದು. ಕಣ್ಣು ಮಾತ್ರ ಬೇರೆ.

ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಶ್ರಾವಣದ ಶುಕ್ರವಾರ ಕಳಶಕ್ಕೆ ಬೆಳ್ಳಿಯ ಮುಖ ಕಟ್ಟುವ ತನಕ ಅದು ತೆಂಗಿನಕಾಯಿ ಕೂರಿಸಿದ ಚೊಂಬು. ಕಟ್ಟಿದ ಮೇಲೆ ಅಮ್ಮ. ಯಾರ ಮುಖವನ್ನೂ ಅಲ್ಲಿ ಮುಚ್ಚಿಲ್ಲ, ಬರುವವಳಿಗೆ ಕೂರಲು ಜಾಗ ಮಾಡಿದ್ದೇವೆ. ಚಿತ್ರದುರ್ಗ, ತುಮಕೂರು, ಹಾಸನ, ಮಂಡ್ಯದ ಕಡೆ ಗ್ರಾಮದೇವತೆಯ ಮುಂದೆ ನಡೆಯುವ ಸೋಮನ ಕುಣಿತದಲ್ಲೂ ಹೀಗೆಯೇ. ಆ ಮುಖವಾಡಕ್ಕೇ ಸೋಮ ಎಂದು ಹೆಸರು. ಪೂಜೆಯಾಗದೆ ಅದು ಕುಣಿಯುವವನ ಮೇಲೆ ಏರುವುದಿಲ್ಲ. ತಂಜಾವೂರು ಜಿಲ್ಲೆಯ ಮೇಲಟ್ಟೂರಿನ ಭಾಗವತ ಮೇಳ ನಾಟಕದಲ್ಲಿ ನರಸಿಂಹನ ಮುಖವಾಡವನ್ನು ದೇವಸ್ಥಾನದಲ್ಲಿಟ್ಟು ಪೂಜಿಸುತ್ತಾರೆ, ಕಟ್ಟುವವನು ಉಪವಾಸ ಇರುತ್ತಾನೆ. ಹಾಗಾಗಿ ಜಾತ್ರೆಗೆಂದು ಮಾಡುವ ಮುಖಕ್ಕೆ ಬೇರೆ ಲೆಕ್ಕ ಹಿಡಿಯುತ್ತೇನೆ.

ಅಚ್ಚಿಗೆ ಕೆರೆಯ ಜೇಡಿಮಣ್ಣು, ದೊಡ್ಡವರ ಮುಖವಾಡವೊಂದಕ್ಕೆ 4ರಿಂದ 5 ಕಿಲೋ. ಕಲ್ಲು, ಬೇರು ಆರಿಸಿ, ನೆನೆಸಿ, ತುಳಿದು ಹದ ಮಾಡಿ ಎರಡು ದಿನ ಒದ್ದೆ ಗೋಣಿಚೀಲ ಹೊದಿಸಿಡಬೇಕು. ಅವಸರಕ್ಕೆ ಆ ದಿನವೇ ಬಳಸಿದರೆ ಒಣಗುವಾಗ ಮೂಗಿನ ಪಕ್ಕದಲ್ಲಿ ಸೀಳು ಬಿಡುತ್ತದೆ. ಮುಖದ ಅಳತೆಯನ್ನು ಕಣ್ಣಂದಾಜಿನಲ್ಲಿ ತೆಗೆಯಬಾರದು. ಹಣೆಯ ಕೂದಲಿನಿಂದ ಗದ್ದದವರೆಗೆ, ಕಪಾಳದಿಂದ ಕಪಾಳಕ್ಕೆ, ಒಂದು ಪಾಪೆಯಿಂದ ಇನ್ನೊಂದಕ್ಕೆ ದಾರದಲ್ಲಿ ಅಳೆಯುತ್ತೇನೆ. ಕೊನೆಯದು ದೊಡ್ಡವರಲ್ಲಿ ಹೆಚ್ಚುಕಮ್ಮಿ ಎರಡೂವರೆ ಇಂಚು. ಕಾಗದ ಒಣಗಿದಾಗ ಒಳಕ್ಕೆ ಎಳೆದುಕೊಳ್ಳುವುದರಿಂದ ಅಚ್ಚು ಎಲ್ಲ ಕಡೆ ಕಾಲು ಇಂಚು ದೊಡ್ಡದಿರಬೇಕು. ಸಿಂಹದ ಮೂತಿಯ ಒಳಗೆ ಕಟ್ಟಿದವನ ಮೂಗಿನ ಮುಂದೆ ಒಂದು ಇಂಚು ಖಾಲಿ ಉಳಿಯಬೇಕು. ಉಳಿಯದಿದ್ದರೆ ಎರಡನೇ ಪದ್ಯಕ್ಕೇ ಉಸಿರು ಕಟ್ಟುತ್ತದೆ.

ಕೆತ್ತುವಾಗ ಕೆಳದುಟಿಯ ಅಡಿ, ಮೂಗಿನ ಹೊಳ್ಳೆಯ ಹಿಂದೆ, ಕೇಸರದ ಸುರುಳಿಯೊಳಗೆ ಆಳದ ಕೊರಕಲು ಬಿಡಬೇಡಿ. ಅಲ್ಲಿ ಕಾಗದ ಮಣ್ಣನ್ನು ಕಚ್ಚಿಕೊಂಡು ಕಳಚುವಾಗ ಹರಿಯುತ್ತದೆ. ಸುರುಳಿ, ಕೋರೆ, ಹುಬ್ಬಿನ ಗಂಟನ್ನು ಆಮೇಲೆ ಅರೆದ ಕಾಗದದಲ್ಲಿ ಮೆತ್ತಬಹುದು. ಅಚ್ಚಿನಲ್ಲಿ ಎಲುಬು ಮಾತ್ರ ಇದ್ದರೆ ಸಾಕು.

ಮಣ್ಣು ಚರ್ಮದ ಹದಕ್ಕೆ ಬಂದಾಗ, ಅಂದರೆ ಉಗುರಿನಿಂದ ಗೀರು ಬೀಳಬೇಕು, ಬೆರಳು ಇಳಿಯಬಾರದು, ಆಗ ಮೇಲೆ ನುಣುಪಾದ ಬೂದಿ ಹಚ್ಚುತ್ತೇನೆ. ಬಂಗಾಳದ ಪುರುಲಿಯಾ ಜಿಲ್ಲೆಯ ಚರಿದಾ ಊರಿನ ಛೌ ಕುಣಿತದ ಮುಖವಾಡ ಮಾಡುವವರ ಕ್ರಮವೂ ಇದೇ: ಮಣ್ಣಿನ ಅಚ್ಚು, ಬೂದಿ, ಎಂಟರಿಂದ ಹತ್ತು ಪದರ ಕಾಗದ, ಅದರ ಮೇಲೆ ಮಣ್ಣು ಮತ್ತು ಬಟ್ಟೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿರುವುದರಿಂದ ಬೂದಿಗೆ ಬರವಿಲ್ಲ. ಆದರೆ ಭತ್ತದ ಹೊಟ್ಟು ಸುಟ್ಟ ಬೂದಿಯೇ ಬೇಕು. ಬೇರೇನಾದರೂ ಉರಿಸಿದ್ದರೆ ಬೂದಿಯಲ್ಲಿ ಜಿಡ್ಡು ಇರುತ್ತದೆ, ಕಾಗದದ ಒಳಮೈ ಕಪ್ಪಾಗಿ ಬೆವರಿನ ಜೊತೆ ಮುಖಕ್ಕೆ ಅಂಟುತ್ತದೆ. ಬಟ್ಟೆಯಲ್ಲಿ ಸೋಸಿ ಬಳಸಿ.

ಅಂಟಿಗೆ 100 ಗ್ರಾಂ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 600 ಮಿಲಿ ನೀರಿಗೆ ಸುರಿದು, ಬಿಳಿ ಬಣ್ಣ ಹೋಗಿ ಅರೆಪಾರದರ್ಶಕವಾಗುವವರೆಗೆ ತಿರುವಬೇಕು. ಈ ಅಂಟಿಗೇ ಸರಿ ಎನ್ನುವುದು. ಅರೆಬೆಂದ ಸರಿ ಎರಡು ದಿನಕ್ಕೆ ಹುಳಿ ವಾಸನೆ ಹೊಡೆದು ಬೂಸ್ಟು ಹಿಡಿಯುತ್ತದೆ. ಹುಳ ಬೀಳದಿರಲು ಕಡಲೆಕಾಳಿನಷ್ಟು ಮೈಲುತುತ್ತ ಹಾಕುವ ರೂಢಿಯಿದೆ. ತುತ್ತ ವಿಷ, ಮೈಗೆ ತಾಗುವ ಒಳಪದರಗಳಿಗೆ ಅದು ಬೇಡ. ಹೊರಗಿನ ನಾಲ್ಕು ಪದರದ ಸರಿಗೆ ಮಾತ್ರ, ಅದೂ ಒಲೆಯಿಂದ ಇಳಿಸಿ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದ ಮೇಲೆ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿನ್ನುತ್ತದೆ. ಅಡುಗೆಮನೆಯ ಪಾತ್ರೆ ಯಾವುದನ್ನೂ ತರಬೇಡಿ.

ಕಾಗದಕ್ಕೆ ಕತ್ತರಿ ತಾಗಿಸಬಾರದು. ಕೈಯಲ್ಲಿ ಹರಿದರೆ ಅಂಚಿನ ನಾರು ಬಿಚ್ಚಿಕೊಂಡು ಪಕ್ಕದ ತುಂಡಿನೊಳಗೆ ಕೂರುತ್ತದೆ. ಕತ್ತರಿಸಿದರೆ ಬಣ್ಣ ಹಚ್ಚಿದ ಮೇಲೂ ಗೆರೆ ಕಾಣುತ್ತದೆ. ಎರಡು ಇಂಚು ಉದ್ದ, ಒಂದು ಇಂಚು ಅಗಲ. ಮೂಗು ತುಟಿಯ ಹತ್ತಿರ ಬೆರಳಗಲ. ಮೊದಲ ಪದರಕ್ಕೆ ಬರೀ ನೀರು. ಸರಿ ಸೋಕಿದರೆ ಬೂದಿಯನ್ನೂ ದಾಟಿ ಮಣ್ಣಿಗೆ ಹಿಡಿಯುತ್ತದೆ. ಎರಡನೆಯದರಿಂದ ಒಂದು ಪದರ ಹಳೆ ಪೇಪರ್, ಇನ್ನೊಂದು ಖಾಕಿ ಕಾಗದ, ಹೀಗೆ ಬದಲಿಸಿ ಹಾಕುತ್ತೇನೆ. ಗುಜರಿ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಬಣ್ಣ ಬೇರೆ ಇದ್ದರೆ ಎಲ್ಲಿ ಬಿಟ್ಟುಹೋಗಿದೆ ಎಂದು ಕಣ್ಣಿಗೆ ಹೊಡೆಯುತ್ತದೆ. ಪದರದ ಅಡಿ ಉಳಿದ ಗಾಳಿಯ ಗುಳ್ಳೆ ಆಗ ಕಾಣುವುದಿಲ್ಲ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅಲ್ಲಿ ಕೊಯ್ದು ಮತ್ತೆ ಅಂಟಿಸಬೇಕು.

ದಿನಕ್ಕೆ ಎರಡೇ ಪದರ. ಚಿತ್ರದುರ್ಗದ ಆಷಾಢದ ಗಾಳಿಗೆ ಎಲ್ಲರೂ ಮೋಸ ಹೋಗುತ್ತಾರೆ. ಮಧ್ಯಾಹ್ನದೊಳಗೆ ಮೇಲ್ಮೈ ಗರಿಗರಿ, ಒಳಗೆ ಇನ್ನೂ ಹಸಿ. ಆ ಹಸಿಯ ಮೇಲೆ ಇನ್ನೆರಡು ಪದರ ಕೂತರೆ ಗದ್ದದ ಕಡೆ ತಿರುಚಿಕೊಳ್ಳುತ್ತದೆ, ಮುಖಕ್ಕೆ ಹಿಡಿದಾಗ ಒಂದು ಕಪಾಳ ಎದ್ದು ನಿಲ್ಲುತ್ತದೆ. ಗಾಳಿಗೂ ಬಿಸಿಲಿಗೂ ನೇರ ಒಡ್ಡದೆ ಪಡಸಾಲೆಯಲ್ಲಿ ಇಡಿ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಣಗಿಲ್ಲ ಎಂದೇ ಅರ್ಥ. ಎಂಟು ಪದರವಾದ ಮೇಲೆ ಹಿಂದಿನಿಂದ ಮಣ್ಣನ್ನು ಚಮಚದಲ್ಲಿ ಕೆರೆದು ತೆಗೆಯುತ್ತೇನೆ. ಅಚ್ಚು ಉಳಿಯುವುದಿಲ್ಲ, ಮುಖವಾಡ ಉಳಿಯುತ್ತದೆ.

ಮೆತ್ತುವ ಮುದ್ದೆಗೆ ಹಳ್ಳಿಯ ಅಜ್ಜಿಯರು ಕಾಗದದ ಬುಟ್ಟಿ ಮಾಡುವ ಕ್ರಮವೇ ಸಾಕು. 250 ಗ್ರಾಂ ಕಾಗದ ಎರಡು ದಿನ ನೆನೆಸಿ, ಹಿಂಡಿ, 50 ಗ್ರಾಂ ನೆನೆಸಿದ ಮೆಂತ್ಯದ ಜೊತೆ ರುಬ್ಬಬೇಕು. ಮೆಂತ್ಯದ ಲೋಳೆ ಅಂಟು ಕೊಡುತ್ತದೆ, ಕಹಿಗೆ ಹುಳ ಹತ್ತಿರ ಬರುವುದು ಕಡಿಮೆ. ನಾನು ಎರಡು ಚಮಚ ಫೆವಿಕಾಲನ್ನೂ ಸೇರಿಸುತ್ತೇನೆ. ಒಂದೇ ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಮೆತ್ತಿದರೆ ಒಳಗೆ ಕೊಳೆಯುತ್ತದೆ. ಇಲ್ಲಿ ತೂಕ ಹೆಚ್ಚಾಗುವ ಅಪಾಯವೂ ಇದೆ. ಪೂರ್ತಿ ಮುಖವಾಡ 450 ಗ್ರಾಂ ದಾಟದಂತೆ ತಕ್ಕಡಿಯಲ್ಲಿಟ್ಟು ನೋಡುತ್ತೇನೆ. 600 ದಾಟಿದರೆ ಕುಣಿತದಲ್ಲಿ ಮೂತಿ ಕೆಳಕ್ಕೆ ಜಗ್ಗಿ ಕಣ್ಣಿನ ಕಿಂಡಿ ಕೆನ್ನೆಗೆ ಬರುತ್ತದೆ.

ಇನ್ನೂ ದೊಡ್ಡ ಮುಖ ಬೇಕೆಂದರೆ ಕಾಗದ ಬಿಟ್ಟು ಬಿದಿರಿಗೆ ಹೋಗಬೇಕು. ಅಸ್ಸಾಮಿನ ಮಾಜುಲಿ ದ್ವೀಪದ ಸತ್ರಗಳಲ್ಲಿ, ಅಂದರೆ ಅಲ್ಲಿನ ವೈಷ್ಣವ ಮಠಗಳಲ್ಲಿ, ಭಾವನಾ ಎಂಬ ಆಟಕ್ಕೆ ಬಿದಿರು ಸೀಳಿನ ಹಂದರ ಹೆಣೆದು, ಮಣ್ಣಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಮೇಲೆ ಮಣ್ಣು ಸಗಣಿಯ ಲೇಪ ಕೊಡುತ್ತಾರೆ. ನಮ್ಮಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದಾರರಿಗೆ ಆರು ಮೂಲೆಯ ಹೆಣಿಗೆ ತೋರಿಸಿದರೆ ಸಾಕು, ನಮಗಿಂತ ಚೊಕ್ಕ ಮಾಡುತ್ತಾರೆ.

ಮೇಲಿನ ಪೂಸಿಗೆ ಸೀಮೆಸುಣ್ಣದ ಪುಡಿ ಮೂರು ಪಾಲು, ಫೆವಿಕಾಲ್ ಒಂದು ಪಾಲು, ಮಜ್ಜಿಗೆಯಷ್ಟು ತೆಳುವಾಗಲು ನೀರು. ತೆಳ್ಳಗೆ ಎರಡು ಸಲ. ದಪ್ಪವಾಗಿ ಒಂದು ಸಲ ಬಳಿದರೆ ಕೆರೆ ಬತ್ತಿದಂತೆ ಬಿರುಕು. ಉಪ್ಪುಕಾಗದ ಮೊದಲು 120 ನಂಬರಿನದು, ಆಮೇಲೆ 220. ಒಳಮೈಗೆ ಹಳೆ ಪಂಚೆಯ ತುಂಡನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅಂಟಿಸುತ್ತೇನೆ. ಬೆವರು ತಾಗಿದರೆ ಮೈದಾ ಮತ್ತೆ ಅಂಟಂಟಾಗುತ್ತದೆ, ಇದೊಂದು ಮರೆತರೆ ಉಳಿದ ಕೆಲಸವೆಲ್ಲ ನೀರುಪಾಲು.

ಬಣ್ಣದ ವಿಷಯದಲ್ಲಿ ಜಗಳ ಸಾಮಾನ್ಯ. ಕೆಂಪು ಎಂದರೆ ಉಗ್ರ ಎಂದು ಎಲ್ಲರೂ ಹೇಳುತ್ತಾರೆ. ಸೋಮನ ಕುಣಿತದಲ್ಲಿ ಕೆಂಪು ಸೋಮ ಕಾಯುವವನು, ಸೌಮ್ಯ; ಹಳದಿ, ಕಪ್ಪು ಅದರ ಎದುರು ಬದಿ. ಮುಖಕ್ಕೇ ಬಣ್ಣ ಬಳಿಯುವ ಆಟಗಳಲ್ಲೂ ಒಮ್ಮತವಿಲ್ಲ. ಕಥಕ್ಕಳಿಯ ಕೆಂಪು ಗಡ್ಡದವನು ಕೇಡಿಗ, ಚೀನಾದ ಪೀಕಿಂಗ್ ಒಪೆರಾದಲ್ಲಿ ಕೆಂಪು ಮುಖದವನು ನಿಷ್ಠಾವಂತ, ಬಿಳಿ ಮುಖದವನು ಕಪಟಿ. ಹಾಗಾಗಿ ಬಣ್ಣದ ಅರ್ಥವನ್ನು ಆ ಊರಿನವರನ್ನೇ ಕೇಳಿ ಕುಂಚ ಎತ್ತುವುದು ಕ್ಷೇಮ. ನರಸಿಂಹನಿಗೆ ಕೆಮ್ಮಣ್ಣಿನ ಛಾಯೆ ಕೂಡಿದ ಹಳದಿ ಹಚ್ಚಿ, ಕೆಂಪನ್ನು ಬಾಯಿಗೂ ಕಣ್ಣಿನ ಅಂಚಿಗೂ ಉಳಿಸಿಕೊಳ್ಳುತ್ತೇನೆ. ಮೈಯೆಲ್ಲ ಕೆಂಪಾದರೆ ಆ ಬಾಯಿ ಕಾಣುವುದೇ ಇಲ್ಲ. ವಾರ್ನಿಷ್ ಕಣ್ಣುಗುಡ್ಡೆಗೆ ಮಾತ್ರ. ಇಡೀ ಮುಖಕ್ಕೆ ಬಳಿದರೆ ಫೋಕಸ್ ದೀಪ ಹಣೆಯ ಮೇಲೆ ಬಿಳಿ ಚುಕ್ಕೆಯಾಗಿ ಕೂತು, ಕೊನೆಯ ಸಾಲಿನವರಿಗೆ ಸಿಂಹವೂ ಒಂದೇ, ಸ್ಟೀಲ್ ತಟ್ಟೆಯೂ ಒಂದೇ.

ಈಗ ಕಣ್ಣು. ಕಾಣುವ ಕಣ್ಣು ಬೇರೆ, ನೋಡುವ ಕಣ್ಣು ಬೇರೆ. ಹೊಸಬರು ಬರೆದ ಕಣ್ಣಿನ ಪಾಪೆಗೇ ತೂತು ಕೊರೆದು ಕಳೆ ಕೆಡಿಸುತ್ತಾರೆ. ಜಪಾನಿನ ನೋ ಎಂಬ ನಾಟಕದ ಮುಖವಾಡದಲ್ಲಿ ಪಾಪೆಯಲ್ಲೇ ಸಣ್ಣ ತೂತು ಇರುತ್ತದೆ, ನಿಜ. ಕಟ್ಟಿದವನಿಗೆ ಕಾಣುವುದು ಅಷ್ಟಕ್ಕಷ್ಟೇ, ಅದಕ್ಕೇ ಅವರ ರಂಗದ ಮೂಲೆಯಲ್ಲಿ ಗುರುತಿಗೆ ಮೆತ್ಸುಕೆ-ಬಾಷಿರಾ ಎಂಬ ಕಂಬ ನಿಲ್ಲಿಸಿದ್ದಾರೆ. ಆ ಮುಖವನ್ನು ತುಸು ಮೇಲಕ್ಕೆತ್ತಿದರೆ ಬೆಳಕು ಬಿದ್ದು ನಗು, ತುಸು ಬಗ್ಗಿಸಿದರೆ ನೆರಳು ಬಿದ್ದು ದುಃಖ. ಪಶ್ಚಿಮ ಆಫ್ರಿಕಾದ ಯೊರುಬಾ ಜನ ತಾಯಂದಿರ ಗೌರವಕ್ಕೆ ಆಡುವ ಗೆಲೆಡೆಯಲ್ಲಿ ಮರದ ಮುಖ ತಲೆಯ ಮೇಲೆ ಕೂರುತ್ತದೆ, ಕುಣಿಯುವವನು ಮುಖ ಮುಚ್ಚಿದ ತೆಳು ಬಟ್ಟೆಯೊಳಗಿಂದ ನೋಡುತ್ತಾನೆ. ವೆನಿಸ್‌ನ ಮೊರೆಟ್ಟಾ ಎಂಬ ಮುಖವಾಡವನ್ನು ಹೆಂಗಸರು ಒಳಗಿನ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಿತ್ತು, ಮಾತಾಡಿದರೆ ಮುಖ ಬೀಳುತ್ತಿತ್ತು.

ನಮ್ಮ ನರಸಿಂಹ ಮಾತಾಡಬೇಕು, ನೋಡಲೂಬೇಕು. ಬಾಯಿ ಎರಡೂಕಾಲು ಇಂಚು ಅಗಲ, ಒಂದು ಇಂಚು ಎತ್ತರ ತೆರೆದಿರಲಿ. ಚಿಕ್ಕದಾದರೆ ಗರ್ಜನೆ ಮೂತಿಯೊಳಗೇ ಗುಂಯ್‌ಗುಟ್ಟುತ್ತದೆ. ಹೊಳ್ಳೆಗೆ ತಲಾ ಒಂದು ಕಿರುಬೆರಳಗಲದ ತೂತು. ಬರೆಯುವ ಕಣ್ಣನ್ನು ನಿಜವಾದ ಕಣ್ಣಿಗಿಂತ ಒಂದೂವರೆ ಇಂಚು ಮೇಲಿಡಿ. ಅದರ ಕೆಳಗಿನ ಕಪಾಳದ ಮಡಿಕೆಯಲ್ಲಿ ಒಂದೂಕಾಲು ಇಂಚು ಉದ್ದ, ಅರ್ಧ ಇಂಚು ಎತ್ತರದ ಕಿಂಡಿ ಕೊಯ್ದು ಅಂಚಿಗೆ ಕಪ್ಪು ಹಚ್ಚಿದರೆ ಹತ್ತು ಅಡಿ ದೂರದಿಂದ ಅದು ನೆರಳಿನಂತೆ ಕಾಣುತ್ತದೆ. ಕಟ್ಟಲು ಎಲಾಸ್ಟಿಕ್ ಬೇಡ, ಹತ್ತಿಯ ಲಾಡಿ ಮೂರು ಕಡೆ: ಎರಡು ಕಪಾಳ, ಒಂದು ನೆತ್ತಿ. ಹಣೆ, ಕೆನ್ನೆ, ಗದ್ದಕ್ಕೆ ಸ್ಪಂಜು. ಬಣ್ಣಕ್ಕೆ ಮೊದಲೇ ಒಮ್ಮೆ ಕಟ್ಟಿಸಿ ಮೆಟ್ಟಿಲು ಹತ್ತಿ ಇಳಿಸಿ ನೋಡಬೇಕು, ಕಾಲಿನ ತುದಿ ಕಾಣದಿದ್ದರೆ ಕಿಂಡಿಯ ಕೆಳ ಅಂಚನ್ನು ಇನ್ನಷ್ಟು ಕೆರೆಯಿರಿ.

ಬರೆಯುವ ಕಣ್ಣು ಎಲ್ಲಕ್ಕಿಂತ ಕೊನೆಗೆ. ವಿಗ್ರಹಕ್ಕೆ ಪ್ರತಿಷ್ಠೆಯಲ್ಲಿ ಕಣ್ಣು ತೆರೆಸುವ ನೇತ್ರೋನ್ಮೀಲನ ಮಾಡುವಂತೆ ಜಾತ್ರೆಯ ಮುಖಕ್ಕೆ ಪಾಪೆ ಇಡುವುದನ್ನು ಊರವರ ಎದುರಿಗೇ, ಅವರು ಹೇಳಿದ ದಿನವೇ ಮಾಡುತ್ತೇನೆ. ಶಾಲೆಯ ಮುಖಕ್ಕೆ ಪಾಪೆಯನ್ನು ಮನೆಯಲ್ಲೇ ಬರೆದು ಕಳಿಸುತ್ತೇನೆ. ಎರಡಕ್ಕೂ ಬಳಸುವುದು ಅದೇ ಕಪ್ಪು ಬಣ್ಣ, ಅದೇ ಕುಂಚ. ಜಾತ್ರೆಯ ಮುಖವನ್ನು ಆಮೇಲೆ ಗುಡಿಯಲ್ಲಿಡುತ್ತಾರೆ, ಶಾಲೆಯದನ್ನು ಬೀರುವಿನ ಮೇಲಿಡುತ್ತಾರೆ.

ಕೆಲವನ್ನು ಮಾಡಿಕೊಡುವುದಿಲ್ಲ. ಗುಡಿಯಲ್ಲಿ ಪೂಜೆಗೊಳ್ಳುವ ಸೋಮನ ತದ್ರೂಪ ಒಂದು. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೌಡೆನೊಸೌನಿ ಜನ ರೋಗ ಕಳೆಯಲು ಬಳಸುವ ಮುಖಗಳು ಇನ್ನೊಂದು. ಜೀವಂತ ಮರದ ಮೇಲೇ ಕೆತ್ತಿ ಆಮೇಲೆ ಬಿಡಿಸುವ ಆ ಮುಖಗಳನ್ನು ಮಾರಬೇಡಿ, ಪ್ರದರ್ಶಿಸಬೇಡಿ, ನಕಲು ಮಾಡಬೇಡಿ ಎಂದು ಅವರ ಹಿರಿಯರ ಸಭೆಯೇ ಹೇಳಿದೆ. ಮೊಬೈಲಿನಲ್ಲಿ ಫೋಟೊ ತೋರಿಸಿ 'ಇದೇ ಥರ ಬೇಕು' ಎನ್ನುವವರಿಗೆ ಇಷ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಇಡುವಾಗ ಮುಖ ಮೇಲೆ ಮಾಡಿ, ಒಳಗೆ ಹಳೆ ಬಟ್ಟೆ ತುಂಬಿ, ಒಣಗಿದ ಬೇವಿನ ಎಲೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಉಳಿದ ಬೆವರಿಗೆ ಬೂಸ್ಟು ಗ್ಯಾರಂಟಿ, ಗೋಡೆಗೆ ಒರಗಿಸಿದರೆ ಗೆದ್ದಲು. ಆಟದ ಹಿಂದಿನ ದಿನ ಕಿವಿ ಮುರಿದರೆ ತೆಳು ಬಟ್ಟೆಗೆ ಫೆವಿಕಾಲ್ ಹಚ್ಚಿ ಎರಡೂ ಕಡೆಯಿಂದ ಪಟ್ಟಿ ಹಾಕಿ ರಾತ್ರಿಯಿಡೀ ಬಿಡಿ. ಅದರ ಮೇಲಿನ ಬಣ್ಣ ಸ್ವಲ್ಪ ಬೇರೆಯಾಗಿ ಕಂಡರೂ ತೊಂದರೆಯಿಲ್ಲ. ಜಾತ್ರೆಯ ಮುಖಕ್ಕೆ ವರ್ಷ ಬಿಟ್ಟು ಮತ್ತೆ ಬಣ್ಣ ಮಾಡಿಸಲು ತಂದಾಗ ಹಣೆಯಿಂದ ಗದ್ದದವರೆಗೆ ಎಲ್ಲ ಹೊಸದು ಮಾಡುತ್ತೇನೆ, ಆ ಎರಡು ಪಾಪೆಗಳ ಮೇಲೆ ಮಾತ್ರ ಕಾಗದದ ಬಿಲ್ಲೆ ಅಂಟಿಸಿಕೊಂಡು.