ಸೊಟ್ಟ ಹಲಗೆಗೆ ನೇರ ಹಳಿ

ತೋಟದಲ್ಲಿ ಗಾಳಿಗೆ ಉರುಳಿದ ಹಲಸಿನ ಮರವನ್ನು ಸಾಮಿಲ್ಲಿಗೆ ಒಯ್ದು, ಎರಡಿಂಚು ದಪ್ಪಕ್ಕೆ ಸೀಳಿಸಿ ಅಟ್ಟಕ್ಕೆ ಏರಿಸುವವರು ಮಲೆನಾಡಿನಲ್ಲಿ ಈಗಲೂ ಇದ್ದಾರೆ. ಎರಡು ವರ್ಷ ಒಣಗಲಿ, ಊಟದ ಮೇಜು ಮಾಡಿಸೋಣ ಎಂಬ ಲೆಕ್ಕ. ಇಳಿಸಿ ನೋಡಿದರೆ ಒಂದು ಮೂಲೆ ಮೇಲೆದ್ದಿರುತ್ತದೆ, ನಡು ದೋಣಿಯಂತೆ ತಗ್ಗಿರುತ್ತದೆ. ಎರಡಡಿ ಅಗಲದ ಹಲಗೆ ಸಾಮಾನ್ಯ ಪ್ಲೇನಿಂಗ್ ಯಂತ್ರದ ಬಾಯಿಗೆ ಹಿಡಿಸುವುದಿಲ್ಲ. ಕೈ ಪಳಗಿದ ಬಡಗಿ ಕೀಸುಳಿಯಲ್ಲೇ ಅದನ್ನು ಸಮ ಮಾಡಿಯಾರು. ರಜಾದಿನದ ಬಡಗಿಗಳಾದ ನಮ್ಮಿಂದ ಅದಾಗದು. ನಮಗೆ ರೂಟರ್ ಬೇಕು. ವೈಫೈ ಕೊಡುವ ಪೆಟ್ಟಿಗೆಯಲ್ಲ, ಮರ ಕೊರೆಯುವ ಯಂತ್ರ. ಅದನ್ನು ಹಲಗೆಯ ಮೇಲೆ ಸಮವಾಗಿ ಓಡಿಸಲು ಸ್ಲೆಡ್ ಎಂಬ ಚೌಕಟ್ಟೂ ಬೇಕು; ಅದನ್ನು ಅಲ್ಯೂಮಿನಿಯಂನಲ್ಲಿ ಮಾಡಿಕೊಳ್ಳುವ ಬಗೆ ಇದು.

ಹಲಗೆಯ ಎರಡೂ ಬದಿಗೆ ಎರಡು ಹಳಿ, ಅವುಗಳ ಮೇಲೆ ಅಡ್ಡಲಾಗಿ ಒಂದು ತೊಟ್ಟಿಲು, ತೊಟ್ಟಿಲಿನೊಳಗೆ ಅತ್ತಿತ್ತ ಜಾರುವ ರೂಟರ್: ಸ್ಲೆಡ್ ಎಂದರೆ ಇಷ್ಟೇ. ಹಲಗೆ ಎಷ್ಟೇ ಸೊಟ್ಟಗಿರಲಿ, ಬ್ಲೇಡು ಹಳಿಯ ಮಾತನ್ನಷ್ಟೇ ಕೇಳುತ್ತದೆ. ಹಳಿ ಸೊಟ್ಟಗಿದ್ದರೆ ಆ ಸೊಟ್ಟವನ್ನೂ ಅಷ್ಟೇ ನಿಷ್ಠೆಯಿಂದ ಹಲಗೆಗೆ ಇಳಿಸುತ್ತದೆ.

ನನ್ನ ಮೊದಲ ತೊಟ್ಟಿಲು ಪ್ಲೈವುಡ್ಡಿನದು. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಒಂದು ಮಳೆಗಾಲ ಕಳೆದು ಮತ್ತೆ ಹೊರತೆಗೆದು ಮೇಜೊಂದನ್ನು ಸಮ ಮಾಡಿದೆ. ಕೆಲಸ ಮುಗಿಸಿ ಸ್ಟೀಲ್ ಪಟ್ಟಿಯನ್ನು ಅಡ್ಡಲಾಗಿ ಇಟ್ಟರೆ ನಡುವೆ ಎರಡು ಮಿ.ಮೀ. ಬೆಳಕು. ತೇವ ಕುಡಿದ ಪ್ಲೈ ಬಾಗಿತ್ತು. ನಾನು ಮೇಜಲ್ಲ, ತಟ್ಟೆ ಮಾಡಿದ್ದೆ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ತೇವಕ್ಕೆ ಉಬ್ಬುವುದಿಲ್ಲ. ಕಾರ್ಖಾನೆಗಳಲ್ಲಿ ಯಂತ್ರದ ಚೌಕಟ್ಟಿಗೆ ಬಳಸುವ, ನಾಲ್ಕೂ ಮುಖದಲ್ಲಿ ಟಿ ಆಕಾರದ ತೋಡಿರುವ ಸರಳು ಅದು. ತೋಡಿನೊಳಗೆ ಟಿ-ನಟ್ ತೂರಿಸಿ ಬೋಲ್ಟ್ ಬಿಗಿದರೆ ಸಾಕು. ವೆಲ್ಡಿಂಗ್ ಬೇಡ, ಅಳತೆ ತಪ್ಪಿದರೆ ಸಡಿಲಿಸಿ ಸರಿಸಬಹುದು.

ಕೊಳ್ಳುವ ಮೊದಲು ಅಳತೆ

600 ಮಿ.ಮೀ. ಅಗಲ, 1500 ಮಿ.ಮೀ. ಉದ್ದ, 50 ಮಿ.ಮೀ. ದಪ್ಪದ ಹಲಗೆಗೆ ನಾನು ಇಟ್ಟುಕೊಂಡ ಲೆಕ್ಕ ಇದು. ಹಳಿಗೆ 40×80 ಮಿ.ಮೀ. ಸರಳು, ತಲಾ 2000 ಮಿ.ಮೀ.ನ ಎರಡು, 80ರ ಬದಿ ನಿಲುವಾಗಿರಬೇಕು. ತೊಟ್ಟಿಲಿನ ತೊಲೆಗಳಿಗೆ 40×40, ತಲಾ 1000 ಮಿ.ಮೀ.ನ ಎರಡು. ಅವನ್ನು ಜೋಡಿಸಲು ಅದೇ 40×40ರ ಎರಡು ಅಡ್ಡ ತುಂಡು. ತೊಲೆಗಳ ಒಳಬದಿಗೆ 40×40×3 ಅಲ್ಯೂಮಿನಿಯಂ ಆಂಗಲ್ (ಎಲ್ ಆಕಾರದ ಪಟ್ಟಿ), 920 ಮಿ.ಮೀ.ನ ಎರಡು. ರೂಟರಿನ ಅಡಿಗೆ 8 ಮಿ.ಮೀ. ದಪ್ಪದ ಹೈಲಂ ಶೀಟ್ (ರಾಳ ಸೇರಿಸಿ ಒತ್ತಿ ಮಾಡಿದ ಗಟ್ಟಿ ಹಾಳೆ), 200 ಮಿ.ಮೀ. ಚೌಕ.

ಹಳಿ ಹಲಗೆಗಿಂತ ಅರ್ಧ ಮೀಟರ್ ಉದ್ದ ಏಕೆಂದು ಕೇಳಬಹುದು. ತೊಟ್ಟಿಲಿನ ಅಗಲವೇ 290 ಮಿ.ಮೀ. ಹತ್ತಿರ ಬರುತ್ತದೆ. ಬ್ಲೇಡು ಎರಡೂ ತುದಿಗಳನ್ನು ದಾಟಿ ಹೋಗಬೇಕು. ಹಲಗೆಯಷ್ಟೇ ಉದ್ದದ ಹಳಿ ತಂದವರು ಕೊನೆಯ ಅರ್ಧ ಅಡಿಯಲ್ಲಿ ಕೈಕಟ್ಟಿ ಕೂರುತ್ತಾರೆ.

ತೊಲೆಗೆ 20×20ರ ತೆಳು ಸರಳು ಅಗ್ಗವೆಂದು ಆಸೆಪಡಬೇಡಿ. ತೊಲೆಯ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ. ನಮ್ಮ 40×40ರಲ್ಲಿ ಹಳಿಯಿಂದ ಹಳಿಗೆ ಸುಮಾರು 760 ಮಿ.ಮೀ. ಅಂತರ. ನಡುವೆ ರೂಟರೂ ಕೈಯ ಒತ್ತಡವೂ ಸೇರಿ ಹತ್ತು ಕಿಲೋ ಬಿದ್ದರೂ ಬಾಗು 0.1 ಮಿ.ಮೀ.ಗಿಂತ ಕಡಿಮೆ. ಅಷ್ಟು ಉಪ್ಪುಕಾಗದದಲ್ಲಿ ಹೋಗುತ್ತದೆ.

ಕತ್ತರಿಸುವ ಕೆಲಸವನ್ನು ಅಲ್ಯೂಮಿನಿಯಂ ಕಿಟಕಿ ಮಾಡುವವರಿಗೆ ಕೊಡಿ. ಅವರ ಯಂತ್ರದಲ್ಲಿ ತುದಿ ಮೂಲೆಮಟ್ಟಕ್ಕೆ ಸರಿಯಾಗಿ ಬರುತ್ತದೆ. ಅಡ್ಡ ತುಂಡುಗಳೆರಡನ್ನೂ ಒಟ್ಟಿಗೆ ಇಟ್ಟು ಒಂದೇ ಏಟಿಗೆ ಕತ್ತರಿಸಲು ಹೇಳಿ. ಅವು ಒಂದೇ ಅಳತೆಯಲ್ಲಿದ್ದರೆ ಮಾತ್ರ ತೊಲೆಗಳು ಸಮಾನಾಂತರವಾಗಿ ನಿಲ್ಲುತ್ತವೆ.

ತೊಟ್ಟಿಲು

ತೊಲೆಗಳ ನಡುವಿನ ಅಂತರ 206.5 ಮಿ.ಮೀ.: ಹೈಲಂ 200, ಎರಡು ಆಂಗಲ್‌ಗಳ ದಪ್ಪ 6, ಜಾರಲು ಅರ್ಧ. ಅಡ್ಡ ತುಂಡುಗಳ ಉದ್ದವೂ ಅಷ್ಟೇ. ಅವನ್ನು ತೊಲೆಗಳ ಎರಡು ತುದಿಗೆ ಇಟ್ಟು ಮೂಲೆ ಬ್ರಾಕೆಟ್ಟಿನಿಂದ ಬಿಗಿಯಿರಿ. ಪೂರ್ತಿ ಬಿಗಿಯುವ ಮೊದಲು ಎರಡು ಕರ್ಣಗಳನ್ನು ಅಳೆಯಿರಿ; ಎರಡೂ ಒಂದೇ ಬಂದರೆ ಚೌಕ ಸರಿಯಿದೆ.

ಆಂಗಲ್‌ನ ಒಂದು ರೆಕ್ಕೆ ತೊಲೆಯ ಒಳಮುಖಕ್ಕೆ ಅಂಟಿ, ಇನ್ನೊಂದು ರೆಕ್ಕೆ ತಳದಲ್ಲಿ ಒಳಕ್ಕೆ ಚಾಚಿರಬೇಕು. ಹೈಲಂ ಚೌಕ ಈ ಅಂಚುಗಳ ಮೇಲೆ ಜಾರುತ್ತದೆ. ರೂಟರನ್ನು ತೊಲೆಗಳ ಮೇಲೆಯೇ ಕೂರಿಸಿದರೆ ಸುಲಭವಲ್ಲವೇ ಎನಿಸಬಹುದು. ಆದರೆ ಆಗ ಬ್ಲೇಡು ಸುಮಾರು 37 ಮಿ.ಮೀ. ಹೆಚ್ಚು ಕೆಳಗಿಳಿಯಬೇಕು. ಬ್ಲೇಡಿನ ಕಾಲು, ಅಂದರೆ ಯಂತ್ರದೊಳಗೆ ಕೂರುವ ಅದರ ದಂಡ, ಅಷ್ಟು ಉದ್ದ ಹೊರಗಿದ್ದರೆ ಬ್ಲೇಡು ನಡುಗುತ್ತದೆ. ಆಂಗಲ್ ಬಿಗಿಯಲು ಗುಂಡು ತಲೆಯ ಗಿಡ್ಡ ಬೋಲ್ಟ್ ಇರಲಿ, ಇಲ್ಲದಿದ್ದರೆ ರೂಟರಿಗೆ ತಾಗುತ್ತದೆ. ಹೈಲಂನ ನಡುವೆ ಬ್ಲೇಡು ಇಳಿಯಲು 60 ಮಿ.ಮೀ. ರಂಧ್ರ ಕೊರೆದು, ರೂಟರಿನ ಪ್ಲಾಸ್ಟಿಕ್ ತಳ ಬಿಚ್ಚಿ, ಅದೇ ಸ್ಕ್ರೂ ಜಾಗಗಳಲ್ಲಿ ಇದನ್ನು ಕೂರಿಸಿ. ಸ್ಕ್ರೂ ತಲೆ ಹೈಲಂನೊಳಗೆ ಮುಳುಗಿರಬೇಕು. ಅಂಚುಗಳಿಗೆ ಮೇಣದಬತ್ತಿ ಉಜ್ಜಿ.

ತೊಟ್ಟಿಲು ಹಳಿಯಿಂದ ಜಾರಿ ಬೀಳದಂತೆ ತೊಲೆಗಳ ಅಡಿಗೆ, ಹಳಿಗಳ ಹೊರಬದಿಗೆ ತಾಗುವಂತೆ, ನಾಲ್ಕು ಗಿಡ್ಡ ಆಂಗಲ್ ತುಂಡು ಬಿಗಿಯಿರಿ. ಒಂದು ಮಿ.ಮೀ. ಸಡಿಲ ಬಿಟ್ಟರೆ ಸಾಕು.

ಎರಡು ದಾರದ ಪರೀಕ್ಷೆ

ಇಲ್ಲಿ ಅವಸರ ಮಾಡಿದವರ ಅಲ್ಯೂಮಿನಿಯಂ ಹಣವೆಲ್ಲ ದಂಡ. ಹಳಿಗಳನ್ನು 720 ಮಿ.ಮೀ. ಅಂತರದಲ್ಲಿ ಗಟ್ಟಿ ಮೇಜಿನ ಮೇಲೆ ಇಟ್ಟು ಹೊರಬದಿಯಿಂದ ಬ್ರಾಕೆಟ್ ಹಾಕಿ. ಹೆಚ್ಚಿನವರು ತಕ್ಷಣ ರಸಮಟ್ಟ ಹುಡುಕುತ್ತಾರೆ. ರಸಮಟ್ಟ ಬೇಕಿಲ್ಲ. ಮೇಜು ಒಂದು ಕಡೆ ಇಳಿಜಾರಾಗಿದ್ದರೂ ಹಲಗೆ ಸಮವಾಗಿಯೇ ಬರುತ್ತದೆ, ಎರಡೂ ಹಳಿ ಒಂದೇ ಸಮತಲದಲ್ಲಿದ್ದರೆ. ಒಂದು ಹಳಿ ಇನ್ನೊಂದಕ್ಕೆ ಹೋಲಿಸಿ ತಿರುಚಿಕೊಂಡಿದ್ದರೆ ಮಾತ್ರ ತೊಂದರೆ.

ನಾಲ್ಕು ತುದಿಗಳಿಂದ ಎರಡು ತೆಳು ದಾರಗಳನ್ನು ಕರ್ಣವಾಗಿ, ಬಿಗಿಯಾಗಿ ಎಳೆದು ಕಟ್ಟಿ. ಹಳಿಯ ಮೇಲ್ಮೈಗೆ ತಾಗಿಯೇ ದಾರ ಹೊರಡಬೇಕು. ನಡುವೆ ಅವು ಒಂದನ್ನೊಂದು ತಾಕಿಯೂ ತಾಕದಂತೆ ದಾಟಬೇಕು. ಮೇಲಿನ ದಾರ ಎತ್ತರದಲ್ಲಿ ನಿಂತರೆ ಅದರ ಎರಡು ತುದಿಗಳಲ್ಲೊಂದು ಎತ್ತರವಾಗಿದೆ ಅಥವಾ ಇನ್ನೊಂದು ದಾರದ ತುದಿ ತಗ್ಗಾಗಿದೆ ಎಂದರ್ಥ. ನಡುವೆ 1 ಮಿ.ಮೀ. ಸಂದು ಕಂಡರೆ ಮೂಲೆಯಲ್ಲಿ ತಪ್ಪಿರುವುದು 2 ಮಿ.ಮೀ.; ಇದು ಮರೆಯಬಾರದ ಲೆಕ್ಕ. ಬಳಿಕ ದಾರಗಳನ್ನು ಅದಲು ಬದಲು ಮಾಡಿ, ಕೆಳಗಿನದನ್ನು ಮೇಲಕ್ಕೆ ತಂದು ಮತ್ತೆ ನೋಡಿ. ಮೊದಲ ಸಲ ತಾಗಿ ಒತ್ತಿಕೊಂಡಿದ್ದರೆ ಈಗ ಬಯಲಾಗುತ್ತದೆ.

ತಗ್ಗಿದ ಮೂಲೆಗೆ ಒತ್ತು ಕೊಡಲು ಅವಧಿ ಮುಗಿದ ಎಟಿಎಂ ಕಾರ್ಡಿಗಿಂತ ಒಳ್ಳೆಯದು ಕಾಣೆ: ದಪ್ಪ 0.76 ಮಿ.ಮೀ., ತೇವಕ್ಕೆ ಉಬ್ಬದು. ಕೊನೆಯ ಸಣ್ಣ ತಿದ್ದುಪಡಿಗೆ ಬರೆಯುವ ಕಾಗದ, ಹಾಳೆಯೊಂದಕ್ಕೆ ಸುಮಾರು 0.1 ಮಿ.ಮೀ. ಮೇಜನ್ನು ಸರಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಿ.

ಕೆತ್ತನೆ

ಹಲಗೆಯನ್ನು ಹಳಿಗಳ ನಡುವೆ ಇಟ್ಟು, ಅತಿ ಎತ್ತರದ ಜಾಗ ತೊಟ್ಟಿಲಿನ ತಳಕ್ಕಿಂತ ಐದಾರು ಮಿ.ಮೀ. ಕೆಳಗಿರುವಂತೆ ರಿಪೀಸು ಕೊಟ್ಟು ಎತ್ತರಿಸಿ. ಅಲುಗುವ ಮೂಲೆಗಳಿಗೆ ಬೆಣೆ ಹಾಕಿ. ಬೆಣೆ ಹಲಗೆಯನ್ನು ಎತ್ತಬಾರದು, ಖಾಲಿ ಜಾಗವನ್ನು ತುಂಬಬೇಕು ಅಷ್ಟೇ. ಬದಿಗಳಿಂದ ಮರದ ತುಂಡು ಒತ್ತಿ ಹಲಗೆ ಕದಲದಂತೆ ಹಿಡಿಸಿ. ಹಳೆ ಮನೆಯ ತೊಲೆಯಾದರೆ ಮೊದಲು ಮ್ಯಾಗ್ನೆಟ್ ಓಡಿಸಿ ಮೊಳೆ ಹುಡುಕಿ.

ಬ್ಲೇಡು ತಳ ಸಮ ಮಾಡುವ ಅಗಲದ್ದು, ಕಾರ್ಬೈಡ್ ತುದಿಯದು, 38ರಿಂದ 50 ಮಿ.ಮೀ. ವ್ಯಾಸದ್ದು. 6 ಮಿ.ಮೀ. ಕಾಲಿನ ಬ್ಲೇಡು ಹಿಡಿಯುವ ಟ್ರಿಮ್ಮರಿಗೆ, ಅಂದರೆ ಪುಟ್ಟ ರೂಟರಿಗೆ, ಇದನ್ನು ಹಾಕಬೇಡಿ. ಒತ್ತಿದರೆ ಬ್ಲೇಡು ಕೆಳಗಿಳಿಯುವ ದೊಡ್ಡ ಪ್ಲಂಜ್ ರೂಟರಿನಲ್ಲೂ 12 ಮಿ.ಮೀ. ಕಾಲೆಟ್ಟಿಗೆ (ಬ್ಲೇಡಿನ ಕಾಲನ್ನು ಬಿಗಿಹಿಡಿಯುವ ಭಾಗ) 12.7ರ, ಅಂದರೆ ಅರ್ಧ ಇಂಚಿನ ಬ್ಲೇಡನ್ನು ಬಲವಂತವಾಗಿ ತುರುಕಬೇಡಿ. 12.7ರ ಕಾಲೆಟ್ಟಿಗೆ 12ರದನ್ನು ಬಿಗಿಯುವುದು ಅದಕ್ಕಿಂತ ಅಪಾಯ. ವೇಗ ತಗ್ಗಿಸುವುದು ಕಡ್ಡಾಯ. ನಿಮಿಷಕ್ಕೆ 22,000 ಸುತ್ತು ತಿರುಗಿದರೆ 50 ಮಿ.ಮೀ. ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ. ದಾಟುತ್ತದೆ. 12,000ಕ್ಕೆ ಇಳಿಸಿದರೆ 113. ಅಷ್ಟು ಸಾಕು.

ಒಂದು ಸಲಕ್ಕೆ 1.5 ಮಿ.ಮೀ. ಮಾತ್ರ ಇಳಿಸಿ. ಪ್ರತಿ ಸಾಲೂ ಹಿಂದಿನದರ ಮೇಲೆ ಮೂರನೇ ಒಂದು ಭಾಗ ಹಾಯಬೇಕು. ರೂಟರ್ ಸಾಗುವ ದಿಕ್ಕಿಗೆ ಕೆತ್ತದ ಮರ ಎಡಕ್ಕಿರಲಿ. ಬಲಕ್ಕಿದ್ದರೆ ಯಂತ್ರ ಕೈಯನ್ನೇ ಎಳೆದುಕೊಂಡು ಓಡುತ್ತದೆ. ಕೆತ್ತುವ ಮೊದಲು ಮೇಲ್ಮೈ ತುಂಬ ಪೆನ್ಸಿಲ್ಲಿನಿಂದ ಗೀಚಿಡಿ. ಗೀಚು ಪೂರ್ತಿ ಅಳಿದಾಗ ಆ ಮುಖ ಮುಗಿದಂತೆ.

ಕನ್ನಡಕ, ಕಿವಿಮುಚ್ಚುಗ, ಎನ್95 ಮಾಸ್ಕ್ ಮೂರೂ ಬೇಕು. ಹಲಸಿನ ಹಳದಿ ಪುಡಿ ಮೂಗಿಗೆ ಸಿಹಿಯಲ್ಲ. ಕೈಗವಸು, ಹೆಗಲ ಟವೆಲ್ ಬೇಡ. ಬ್ಲೇಡು ಬದಲಿಸುವಾಗ ಪ್ಲಗ್ ಕಿತ್ತಿರಲಿ.

ಮೊದಲ ಮುಖ ಸಮವಾದ ಮೇಲೆ ಹಲಗೆ ಮಗುಚಿ ಬೆಣೆಗಳನ್ನೆಲ್ಲ ತೆಗೆಯಿರಿ. ಎರಡನೆಯ ಮುಖಕ್ಕೆ ಅವು ಬೇಕಿಲ್ಲ. ಎರಡೂ ಕಡೆ ಆದಷ್ಟು ಒಂದೇ ಪ್ರಮಾಣದ ಮರ ತೆಗೆಯುವುದು ಒಳ್ಳೆಯದು, ಇಲ್ಲದಿದ್ದರೆ ಹೊಸ ಮುಖ ಒಣಗುವಾಗ ಹಲಗೆ ಮತ್ತೆ ಬಾಗುತ್ತದೆ. ನಾನು ಎರಡನೆಯ ಮುಖದಲ್ಲಿ ಒಂದು ಮಿ.ಮೀ. ಉಳಿಸಿ, ಹಲಗೆಯನ್ನು ರಿಪೀಸುಗಳ ಮೇಲೆ ಗಾಳಿಯಾಡುವಂತೆ ಒಂದು ವಾರ ಬಿಡುತ್ತೇನೆ. ಅದರ ಒಳಗಿನ ಬಿಗಿ ಸಡಿಲಿ ಅದು ಎಷ್ಟು ಹೊರಳಬೇಕೋ ಅಷ್ಟು ಹೊರಳುತ್ತದೆ. ಆಮೇಲೆ ಎರಡೂ ಮುಖಕ್ಕೆ ಅರ್ಧ ಮಿ.ಮೀ.ನ ಕೊನೆಯ ಓಟ. ಅಲ್ಲಿಯವರೆಗೆ ಹಳಿಗಳನ್ನು ಕದಲಿಸಬೇಡಿ, ದಾರವನ್ನೂ ಬಿಸಾಡಬೇಡಿ.