ಕ್ಯಾಂಪ್ ಹಾಕುವ ಮೊದಲು ಹಾಕಬೇಕಾದ ಲೆಕ್ಕ

ನಾಟಕ ಕಂಪನಿ ಕಟ್ಟುತ್ತೇವೆಂದು ಬರುವವರು ಮೊದಲು ಕೇಳುವುದು, ‘ಯಾವ ನಾಟಕ ಓಡುತ್ತದೆ?’ ಅದು ಗೊತ್ತಿದ್ದರೆ ನಾನೇ ಮಾಲೀಕನಾಗಿರುತ್ತಿದ್ದೆ, ಮ್ಯಾನೇಜರನಾಗಿ ಟಿಕೆಟ್ ಹರಿಯುತ್ತಿರಲಿಲ್ಲ. ಊರೊಂದರಲ್ಲಿ ಥಿಯೇಟರ್ ಎಬ್ಬಿಸಿ ದಿನವೂ ಆಟ ಆಡುತ್ತ ಕೂರುವುದೇ ಕ್ಯಾಂಪ್. ಅಲ್ಲಿ ನಾಟಕ ಓಡದಿದ್ದರೆ ಎಷ್ಟು ರಾತ್ರಿ ತಾಳಬಲ್ಲಿರಿ ಎಂಬುದನ್ನು ಮೊದಲು ನೋಡಿಕೊಳ್ಳಿ.

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೊಟ್ಟರೆ ಮರಳಿ ಬಾರದ ಹಣ: ಜಾಗದ ಬಾಡಿಗೆ, ಲಾರಿ, ತಗಡಿನ ಥಿಯೇಟರ್ ಎಬ್ಬಿಸುವ ಕೂಲಿ, ಪರವಾನಗಿಯ ಓಡಾಟ. ಬಲಕ್ಕೆ ದಿನದ ಖರ್ಚು: ಪಗಾರ, ಊಟ, ಕರೆಂಟು, ಪ್ರಚಾರದ ಆಟೊ, ಸಾಲದ ಬಡ್ಡಿ. ಮಳೆಗೆ ಆಟ ನಿಂತರೂ ಬಲಗಡೆಯದು ಬಹುಪಾಲು ನಿಲ್ಲುವುದಿಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆಯನ್ನೇ ರಂಗಕ್ಕೆ ತಂದರೆಂದು ಎಲ್ಲರೂ ಬೆರಗಾಗುತ್ತಾರೆ, ನನಗೆ ಮಾತ್ರ ಆಟವಿಲ್ಲದ ದಿನ ಆನೆಗೆ ಹಾಕುವ ಮೇವಿನದೇ ಚಿಂತೆ.

ಎಡಕ್ಕೆ 3 ಲಕ್ಷ, ಬಲಕ್ಕೆ ದಿನವೊಂದಕ್ಕೆ 18 ಸಾವಿರ, ಟಿಕೆಟ್ 100 ರೂಪಾಯಿ ಎಂದಿಟ್ಟುಕೊಳ್ಳಿ. 180 ಜನ ಬಂದರೆ ಅಂದಿನ ಒಲೆ ಉರಿಯುತ್ತದೆ. 30 ದಿನಗಳಲ್ಲಿ ಎಡಗಡೆಯ ಹಣವೂ ಹುಟ್ಟಬೇಕಾದರೆ ದಿನಕ್ಕೆ 280 ಜನ ಬೇಕು. ಐದು ರಾತ್ರಿ ಮಳೆಯ ಪಾಲಾದರೆ ಉಳಿದ 25 ರಾತ್ರಿಗಳಲ್ಲಿ 336.

ಮಾಲೀಕರು ಮುಳುಗುವುದು ಇಲ್ಲೇ. ಜನ 150ಕ್ಕೆ ಇಳಿದರೂ ‘ಮೂರು ಲಕ್ಷ ಹಾಕಿದ್ದೇವೆ, ಹೇಗೆ ಬಿಟ್ಟುಹೋಗುವುದು?’ ಎಂದು ಕೂರುತ್ತಾರೆ. ಆ ದುಡ್ಡು ಹೋಯಿತು ಸ್ವಾಮಿ! ಕೂತ ಪ್ರತಿ ರಾತ್ರಿಗೂ ಇನ್ನೂ ಮೂರು ಸಾವಿರ ಹೋಗುತ್ತದೆ. ನಾಟಕ ಬದಲಿಸಿ ಒಂದು ವಾರ ನೋಡಿ. ಆಗಲೂ 180 ದಾಟದಿದ್ದರೆ ಮುಂದಿನ ಊರಿನ ಜಾಗ ಗೊತ್ತುಮಾಡಿ ಕಂಬ ಕೀಳಿ. 220 ಬರುತ್ತಿದ್ದರೆ ಅವಸರ ಬೇಡ. ಕ್ಯಾಂಪ್ ಒಟ್ಟಾರೆ ನಷ್ಟದ್ದೇ ಆದರೂ ದಿನಕ್ಕೆ ನಾಲ್ಕು ಸಾವಿರದಂತೆ ಆ ನಷ್ಟ ಕರಗುತ್ತಿರುತ್ತದೆ.

ಬಾದಾಮಿಯ ಬನಶಂಕರಿಯಂಥ ಜಾತ್ರೆಯ ಲೆಕ್ಕವೇ ಬೇರೆ. ಒಂದೇ ರಾತ್ರಿ ಒಂದಕ್ಕಿಂತ ಹೆಚ್ಚು ಆಟ ಆಡಬಹುದು, ಖರ್ಚು ಅಷ್ಟೇ ಪಟ್ಟು ಏರುವುದಿಲ್ಲ. ಆದರೆ ಪಕ್ಕದಲ್ಲೇ ಇತರ ಕಂಪನಿಗಳ ಮೈಕುಗಳೂ ಕೂಗುತ್ತಿರುತ್ತವೆ. ಅಲ್ಲಿ ಗಳಿಸಿದ್ದನ್ನು ಮಳೆಗಾಲಕ್ಕೆಂದು ತೆಗೆದಿಡಿ. ಹೊಸ ಪರದೆ ಬರೆಸುವ ಆಸೆಯನ್ನು ತಡೆದುಕೊಳ್ಳಿ.

ಕೊನೆಗೆ ಮುಂಗಡ. ಹಾಸ್ಯ ಪಾತ್ರದವನು ಮುಂಗಡ ಪಡೆದು ಬೇರೆ ಕಂಪನಿ ಸೇರಿದರೆ ಹಣವೂ ಹೋಯಿತು, ನಾಟಕವೂ ಹೋಯಿತು. ಮುಂಗಡವನ್ನು ವಾರವಾರ ಪಗಾರದಲ್ಲಿ ಮುರಿದುಕೊಳ್ಳಿ. ಅವನ ಮಾತುಗಳನ್ನು ಇನ್ನೊಬ್ಬನಿಗೂ ಬಾಯಿಪಾಠ ಮಾಡಿಸಿ, ಅವನಿಗೆ ಕೇಳಿಸುವ ಹಾಗೆಯೇ.